ಹೆಸರಿಲ್ಲದೆ ಮಾರಾಟವಾದ ಮೀನು

2022ರ ಮಾರ್ಚ್ ತಿಂಗಳಲ್ಲಿ ‘ಜೂಕೀಸ್’ ಎಂಬ ವಿಜ್ಞಾನ ಪತ್ರಿಕೆ ಮಾಲ್ದೀವ್ಸ್ ದ್ವೀಪಗಳ ಬೆರಳುದ್ದದ ಮೀನೊಂದರ ವಿವರಣೆಯನ್ನು ಪ್ರಕಟಿಸಿತು. ಗುಲಾಬಿ, ಕಿತ್ತಳೆ, ನೇರಳೆ ಬಣ್ಣಗಳು ಒಂದರೊಳಗೊಂದು ಕರಗಿಕೊಂಡ ಆ ಮೀನಿನ ಚಿತ್ರ ಜಗತ್ತಿನ ಸುದ್ದಿಪುಟಗಳಲ್ಲೆಲ್ಲ ಓಡಾಡಿತು. ತಲೆಬರಹಗಳ ಧಾಟಿ ಎಲ್ಲೆಡೆ ಒಂದೇ: ಹೊಸ ಮೀನು ಪತ್ತೆ. ಈ ಮೂರು ಪದಗಳಲ್ಲಿ ತಕರಾರಿಲ್ಲದೆ ಒಪ್ಪಬಹುದಾದದ್ದು ‘ಮೀನು’ ಒಂದೇ. 1990ರ ದಶಕದಲ್ಲೇ ಸಂಶೋಧಕರು ಅದನ್ನು ಸಂಗ್ರಹಿಸಿದ್ದರು, ಹಾಗಾಗಿ ಅದು ಹೊಸದಲ್ಲ. ಅಕ್ವೇರಿಯಂ ವ್ಯಾಪಾರಿಗಳು ಅದನ್ನು ಹಿಡಿದು ಪರದೇಶಗಳಿಗೆ ಕಳಿಸುತ್ತಿದ್ದರು, ಶೋಕಿಗೆ ಮೀನು ಸಾಕುವವರು ಕೈತುಂಬ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಹಾಗಾಗಿ ಪತ್ತೆಯಾದದ್ದೂ ಆಗ ಅಲ್ಲ. ಮತ್ತೆ 2022ರಲ್ಲಿ ನಡೆದದ್ದಾದರೂ ಏನು? ನಾಲ್ವರು ಸಂಶೋಧಕರು ಒಂದು ವಾದ ಹೂಡಿದರು. ಇಷ್ಟು ವರ್ಷ ಒಂದೇ ಎಂದು ಎಣಿಸಿದ್ದ ಎರಡು ಮೀನುಗಳು ಒಂದೇ ಅಲ್ಲ ಎಂಬುದು ಅವರ ವಾದ. ಹೊಸ ಪ್ರಭೇದವೊಂದರ ‘ಶೋಧ’ ಬಹುಮಟ್ಟಿಗೆ ಇಂಥ ವಾದವೇ. ಅದು ನಡೆಯುವ ಜಾಗ ಕಡಲಿನ ತಳಕ್ಕಿಂತ ಹೆಚ್ಚಾಗಿ ವಸ್ತುಸಂಗ್ರಹಾಲಯದ ಕಪಾಟು. ಆ ವಾದ ಲಿಖಿತವಾಗಿ ಬರದೆ ಮೀನಿನ ಬಗ್ಗೆ ಮಾಡಬೇಕಾದ ಉಳಿದ ಯಾವ ಕೆಲಸಕ್ಕೂ, ರಕ್ಷಣೆಗಾಗಲಿ ಲೆಕ್ಕಕ್ಕಾಗಲಿ, ಬುಡವೇ ಇರುವುದಿಲ್ಲ. ಒಪ್ಪದವರಿದ್ದಾರೆ, ಅವರ ಆಕ್ಷೇಪಗಳಲ್ಲಿ ಕೆಲವು ಗಟ್ಟಿಯಾಗಿಯೇ ಇವೆ.

ಮೊದಲು ಮೀನನ್ನು ನೋಡೋಣ. ಅದರ ವೈಜ್ಞಾನಿಕ ಹೆಸರು ಸಿರಿಲಾಬ್ರಸ್ ಫಿನಿಫೆನ್ಮಾ. ಸಿರಿಲಾಬ್ರಸ್ ಎಂಬುದು ಕುಲದ ಹೆಸರು. ಈ ಕುಲದ ಸುಮಾರು 60 ಪ್ರಭೇದಗಳನ್ನು ಅಕ್ವೇರಿಯಂನವರು ‘ಫೇರಿ ರಾಸ್’ ಎಂದು ಕರೆಯುತ್ತಾರೆ. ಫಿನಿಫೆನ್ಮಾ ಎಂದರೆ ಮಾಲ್ದೀವ್ಸ್‌ನ ದಿವೇಹಿ ಭಾಷೆಯಲ್ಲಿ ಗುಲಾಬಿ, ಆ ದೇಶದ ರಾಷ್ಟ್ರಪುಷ್ಪ. ಫೇರಿ ರಾಸ್‌ಗಳು ಹವಳದ ದಿಬ್ಬಗಳ ಇಳಿಜಾರಿನಲ್ಲಿ, ಹವಳದ ಪುಡಿ ರಾಶಿಬಿದ್ದಿರುವ ಕಡೆ ಗುಂಪಾಗಿ ಇರುತ್ತವೆ. ನೀರಿನಲ್ಲಿ ತೇಲಿಬರುವ ಸೂಕ್ಷ್ಮ ಜೀವಿಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನುತ್ತವೆ. ಈ ಹೆಕ್ಕುವ ಕೆಲಸಕ್ಕೆ ಒದಗುವ ಕಣ್ಣು ವಿಚಿತ್ರವಾದದ್ದು. ಕಣ್ಣಿನ ಹೊರಪದರ ಎರಡು ಭಾಗವಾಗಿ ಸೀಳಿಕೊಂಡಿರುವುದರಿಂದ ಕೆಲವು ಕೋನಗಳಲ್ಲಿ ಒಂದೇ ಕಣ್ಣಿಗೆ ಎರಡು ಪಾಪೆಗಳಿರುವಂತೆ ಕಾಣುತ್ತದೆ. ಹುಟ್ಟುವಾಗ ಇವು ಹೆಣ್ಣು. ಗುಂಪಿನಲ್ಲಿ ದೊಡ್ಡದಾಗಿ ಬೆಳೆದದ್ದು ಗಂಡಾಗಿ ಬದಲಾಗುತ್ತದೆ, ಮೈಬಣ್ಣವನ್ನೂ ಈಜುರೆಕ್ಕೆಗಳ ಆಕಾರವನ್ನೂ ಬದಲಿಸಿಕೊಳ್ಳುತ್ತದೆ, ಹೆಣ್ಣುಗಳ ಮುಂದೆ ರೆಕ್ಕೆ ಅಗಲಿಸಿ ಮೆರೆಯುತ್ತದೆ. ನೀರಿನಲ್ಲಿ ಕೆಂಪು ಬೆಳಕು ಮೇಲಿನ ಕೆಲವೇ ಮೀಟರುಗಳಲ್ಲಿ ಹೀರಿಹೋಗುವುದರಿಂದ ಇಷ್ಟೊಂದು ಕೆಂಪು, ಗುಲಾಬಿ ಬಣ್ಣ ಆಳದಲ್ಲಿ ಯಾರಿಗೆ ಕಾಣಬೇಕು ಎಂಬ ಪ್ರಶ್ನೆ ಸಹಜ. ಇದೇ ಕುಲದ ಸೊಲೊರೆನ್ಸಿಸ್ ಎಂಬ ಪ್ರಭೇದದ ಬಗ್ಗೆ 2014ರಲ್ಲಿ ಬಂದ ಅಧ್ಯಯನ ಇದಕ್ಕೆ ಸ್ವಲ್ಪ ಉತ್ತರ ಕೊಟ್ಟಿತು: ಆ ಮೀನಿನ ಮೈ ನೀಲಿ ಬೆಳಕನ್ನು ಹೀರಿ ಗಾಢ ಕೆಂಪನ್ನು ಹೊರಸೂಸುತ್ತದೆ, ಆ ಕೆಂಪು ಅದರ ಕಣ್ಣಿಗೂ ಕಾಣುತ್ತದೆ. ಹೊರಗಿನವರಿಗೆ ಕಪ್ಪಾಗಿ ಕಾಣುವಲ್ಲಿ ಈ ಮೀನುಗಳು ತಮ್ಮತಮ್ಮಲ್ಲಿ ಬಣ್ಣದ ವ್ಯವಹಾರ ನಡೆಸಿಕೊಂಡಿರುತ್ತವೆ. ಬಣ್ಣವು ಸಂಗಾತಿಯನ್ನು ಗುರುತಿಸುವ ಸಾಧನವೂ ಆಗಿರುವಾಗ, ಎರಡು ಕಡೆಯ ಮೀನುಗಳ ಬಣ್ಣದಲ್ಲಿ ಕಾಣುವ ವ್ಯತ್ಯಾಸವನ್ನು ಬರೀ ಅಲಂಕಾರವೆಂದು ತಳ್ಳಿಹಾಕಲು ಬರುವುದಿಲ್ಲ.

ಗೊಂದಲ ಶುರುವಾದದ್ದು 1983ರಲ್ಲಿ. ಮಾಲ್ದೀವ್ಸ್‌ನಿಂದ ದಕ್ಷಿಣಕ್ಕೆ ನೂರಾರು ಕಿಲೋಮೀಟರ್ ದೂರದ ಚಾಗೋಸ್ ದ್ವೀಪಸಮೂಹದಲ್ಲಿ ಸಿಕ್ಕ ಫೇರಿ ರಾಸ್ ಒಂದಕ್ಕೆ ಜಾನ್ ರಾಂಡಲ್ ಮತ್ತು ಅಲನ್ ಎಮೆರಿ ಸಿರಿಲಾಬ್ರಸ್ ರುಬ್ರಿಸ್ಕ್ವಾಮಿಸ್ ಎಂದು ಹೆಸರಿಟ್ಟರು. ರಾಂಡಲ್ ಸಾಮಾನ್ಯರಲ್ಲ, 95ನೆಯ ವಯಸ್ಸಿನಲ್ಲಿ 2020ರಲ್ಲಿ ತೀರಿಕೊಳ್ಳುವ ಹೊತ್ತಿಗೆ 800ಕ್ಕೂ ಹೆಚ್ಚು ಮೀನುಗಳನ್ನು ವಿವರಿಸಿದ್ದ ಹಿರಿಯರು. ಆದರೆ ರುಬ್ರಿಸ್ಕ್ವಾಮಿಸ್‌ನ ವಿಷಯದಲ್ಲಿ ಅವರ ಮುಂದೆ ಇದ್ದದ್ದು ಒಂದೇ ಮೀನು, ಅದೂ ಮರಿ. ಬೆಳೆದ ಗಂಡು ಹೇಗಿರುತ್ತದೆ ಎಂಬುದು ಆ ಮರಿಯಿಂದ ಗೊತ್ತಾಗುವಂತಿರಲಿಲ್ಲ. ಮುಂದೆ ಮಾಲ್ದೀವ್ಸ್‌ನಲ್ಲಿ ಬೆಳೆದ ಮೀನುಗಳು ಸಿಕ್ಕಾಗ ‘ಇವೇ ಆ ಮರಿಯ ಬೆಳೆದ ರೂಪ’ ಎಂದು ಎಲ್ಲರೂ ಅಂದುಕೊಂಡರು. ಅಂದುಕೊಂಡದ್ದು ಅಸಂಬದ್ಧವೇನಲ್ಲ. ಎರಡೂ ಕಡೆಯ ಮೀನುಗಳು ಹತ್ತಿರದ ನೆಂಟರು, ನಡುವೆ ಇರುವುದು ಒಂದೇ ಸಮುದ್ರ, ಫೇರಿ ರಾಸ್‌ಗಳ ಮರಿಗಳು ಒಂದನ್ನೊಂದು ಹೋಲುವುದೂ ಹೌದು. ಹೀಗೆ ಮಾಲ್ದೀವ್ಸ್‌ನ ಮೀನು ಚಾಗೋಸ್ ಮೀನಿನ ಹೆಸರು ಹೊತ್ತುಕೊಂಡು ವರ್ಷಗಟ್ಟಲೆ ಪುಸ್ತಕಗಳಲ್ಲೂ ಅಕ್ವೇರಿಯಂ ಅಂಗಡಿಗಳಲ್ಲೂ ಉಳಿದುಕೊಂಡಿತು. ತಪ್ಪು ಬಯಲಾಗಲು ಹೆಚ್ಚು ಆಳಕ್ಕೆ ಇಳಿಯುವುದಷ್ಟೇ ಸಾಕಾಗಲಿಲ್ಲ. ಮಾಲ್ದೀವ್ಸ್‌ನ ಮರಿಗಳನ್ನೂ ಬೆಳೆದವುಗಳನ್ನೂ ಒಟ್ಟಿಗೆ ಇಟ್ಟು, ಮರಿಯನ್ನು ಮರಿಯ ಜೊತೆಗೇ ಹೋಲಿಸುವ ಕೆಲಸ ಬಾಕಿಯಿತ್ತು.

ಆ ಹೋಲಿಕೆ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಸುದ್ದಿಯಲ್ಲಿ ಎಂದೂ ಕಾಣಿಸದ ಭಾಗ ಇದೇ. ಮೀನು ಮೇಲೆ ಬಂದ ಕೂಡಲೇ ಅದರ ಬಣ್ಣ ಮಾಸುವ ಮೊದಲು ಫೋಟೋ ತೆಗೆಯಬೇಕು. ಈಜುರೆಕ್ಕೆಗಳನ್ನು ಬಿಡಿಸಿ ಚುಚ್ಚಿ, ಅವುಗಳ ಮೇಲೆ ಫಾರ್ಮಲಿನ್ ಸವರಿದರೆ ಬಿಡಿಸಿದ ಹಾಗೇ ಗಟ್ಟಿಯಾಗಿ ನಿಲ್ಲುತ್ತವೆ. ಆಮೇಲೆ ಮೀನು ಆಲ್ಕೋಹಾಲ್ ಸೀಸೆಗೆ ಹೋಗುತ್ತದೆ, ಹೋದಮೇಲೆ ಗುಲಾಬಿಯೂ ಇಲ್ಲ ನೇರಳೆಯೂ ಇಲ್ಲ, ತಿಳಿ ಕಂದು ಬಣ್ಣದ ಒಂದು ದೇಹ ಅಷ್ಟೇ. ಎಣಿಕೆ ಶುರುವಾಗುವುದು ಅಲ್ಲಿಂದ. ಸೂಕ್ಷ್ಮದರ್ಶಕದ ಕೆಳಗೆ ಬೆನ್ನಿನ ಈಜುರೆಕ್ಕೆಯ ಗಟ್ಟಿ ಮುಳ್ಳುಗಳನ್ನು ಎಣಿಸಬೇಕು. ಈ ಕುಲದಲ್ಲಿ ಅವು 11, ಅವುಗಳ ಹಿಂದಿನ ಮೆದು ಕಡ್ಡಿಗಳು ಸಾಮಾನ್ಯವಾಗಿ 9. ಮೈಯುದ್ದಕ್ಕೂ ಹರಿದು ನೀರಿನ ಅಲುಗಾಟವನ್ನು ಗ್ರಹಿಸುವ ಪಾರ್ಶ್ವರೇಖೆ ಫೇರಿ ರಾಸ್‌ಗಳಲ್ಲಿ ನಡುವೆ ತುಂಡಾಗಿರುತ್ತದೆ. ಮುಂದಿನ ತುಂಡಿನಲ್ಲಿ ರಂಧ್ರವಿರುವ ಹುರುಪೆಗಳೆಷ್ಟು, ಬಾಲದ ಬುಡದ ತುಂಡಿನಲ್ಲಿ ಎಷ್ಟು ಎಂದು ಬೇರೆಬೇರೆ ಎಣಿಸಬೇಕು. ಕಿವಿರಿನ ಒಳಗಿನ ಹಲ್ಲುಗಳು, ಎಕ್ಸ್‌ರೇಯಲ್ಲಿ ಕಾಣುವ ಬೆನ್ನುಮೂಳೆಯ ಮಣಿಗಳು, ಮೂತಿಯ ತುದಿಯಿಂದ ಬಾಲದ ಬುಡದವರೆಗಿನ ಉದ್ದ, ಆ ಉದ್ದಕ್ಕೆ ತಲೆಯ ಮತ್ತು ಕಣ್ಣಿನ ಅನುಪಾತ. ಇವೆಲ್ಲವೂ ಒಂದೇ ಕುಲದ ಎರಡು ಪ್ರಭೇದಗಳಲ್ಲಿ ಬಹುಪಾಲು ಹೊಂದಿಕೊಂಡೇ ಇರುತ್ತವೆ. ಹೊಂದದಿರುವುದು ಎಲ್ಲೋ ಒಂದೆರಡು ಕಡೆ. ಮಾಲ್ದೀವ್ಸ್ ಮತ್ತು ಚಾಗೋಸ್ ಮೀನುಗಳ ವಿಷಯದಲ್ಲಿ ಬೆನ್ನಿನ ಮುಳ್ಳುಗಳ ಎತ್ತರ, ಮೈಯ ಕೆಲವು ಭಾಗಗಳ ಹುರುಪೆಗಳ ಸಂಖ್ಯೆ, ಬಣ್ಣದ ವಿನ್ಯಾಸ ಇವು ಹೊಂದಲಿಲ್ಲ. ಇದರ ಜೊತೆಗೆ ವಂಶವಾಹಿ ವಿಶ್ಲೇಷಣೆಯನ್ನೂ ಸೇರಿಸಿ ಯೀ-ಕೈ ಟೀ, ಅಹ್ಮದ್ ನಜೀಬ್, ಜೋಸೆಫ್ ರೌಲೆಟ್, ಲೂಯಿಸ್ ರೋಚಾ ತಮ್ಮ ಪ್ರತಿಪಾದನೆಯನ್ನು ಮುಂದಿಟ್ಟರು. ಸಿಡ್ನಿ ವಿಶ್ವವಿದ್ಯಾಲಯ, ಮಾಲ್ದೀವ್ಸ್ ಮರೀನ್ ರಿಸರ್ಚ್ ಇನ್‌ಸ್ಟಿಟ್ಯೂಟ್, ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್ ಇದರ ಹಿಂದಿದ್ದ ಸಂಸ್ಥೆಗಳು. ಶೋಧ ಮೇಜಿನ ಮೇಲೆ ಆಗುವುದು ಇದೊಂದೇ ಸಲವಲ್ಲ. ಎರಡು ಸೆಂಟಿಮೀಟರ್‌ನ ಬಾರ್ಗಿಬಾಂಟಿ ಎಂಬ ಪುಟಾಣಿ ಕಡಲಕುದುರೆ 1969ರಲ್ಲಿ ಸಿಕ್ಕಿದ್ದು ನ್ಯೂ ಕ್ಯಾಲಿಡೋನಿಯಾದಲ್ಲಿ, ಬೇರೆ ಕೆಲಸಕ್ಕೆಂದು ಮೇಲೆ ತಂದಿದ್ದ ಕಡಲಬೀಸಣಿಗೆ ಹವಳವನ್ನು ಪರೀಕ್ಷಿಸುವಾಗ. ಕಡಲಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

‘ವಾದ’ ಎಂದದ್ದು ಸುಮ್ಮನೆ ಆಡಿದ ಮಾತಲ್ಲ. ಪ್ರಾಣಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿಗೆ ಲಿನೇಯಸ್‌ನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ 1758ರ ಹತ್ತನೆಯ ಆವೃತ್ತಿಯೇ ಆರಂಭಬಿಂದು; ಈಗ ಅದಕ್ಕೆ ಅಂತರರಾಷ್ಟ್ರೀಯ ಸಂಹಿತೆಯೊಂದಿದೆ. ಹೆಸರು ಹೇಗಿರಬೇಕು, ಎಲ್ಲಿ ಪ್ರಕಟವಾಗಬೇಕು, ಮೊದಲು ಇಟ್ಟ ಹೆಸರಿಗೆ ಹೇಗೆ ಆದ್ಯತೆ ಎಂಬುದನ್ನೆಲ್ಲ ಅದು ಕಟ್ಟುನಿಟ್ಟಾಗಿ ಹೇಳುತ್ತದೆ. ಆದರೆ ಈ ಮೀನು ನಿಜವಾಗಿ ಬೇರೆ ಪ್ರಭೇದವೇ ಎಂಬ ತೀರ್ಪನ್ನು ಅದು ಕೊಡುವುದಿಲ್ಲ. ಹಾಗೆ ಮುದ್ರೆ ಒತ್ತುವ ಕಚೇರಿ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಇರುವುದು ಪ್ರಕಟಿತ ವಿವರಣೆ ಮತ್ತು ಅದರ ಬೆನ್ನಿಗಿರುವ ಒಂದು ಮೀನು, ‘ಹೋಲೋಟೈಪ್’ ಎಂಬ ಮೂಲ ಮಾದರಿ. ಇದು ಕೋರ್ಟಿನಲ್ಲಿ ಹಾಜರುಪಡಿಸುವ ಮುದ್ದೆಮಾಲು ಇದ್ದಂತೆ. ಪ್ರಕರಣ ಎಷ್ಟು ವರ್ಷದ ಮೇಲೆ ಮತ್ತೆ ತೆರೆದರೂ ಅದನ್ನು ತೆಗೆದು ನೋಡಬಹುದು. 1999ರ ನಂತರ ಹೊಸ ಪ್ರಭೇದಕ್ಕೆ ಹೆಸರಿಡುವವರು ಮೂಲ ಮಾದರಿ ಯಾವುದೆಂದು ಸ್ಪಷ್ಟವಾಗಿ ಹೇಳದಿದ್ದರೆ ಆ ಹೆಸರು ಊರ್ಜಿತವಾಗುವುದೇ ಇಲ್ಲ. ಲೇಖಕರ ಹೆಸರು, ಸಂಸ್ಥೆಯ ಪ್ರತಿಷ್ಠೆ, ಪತ್ರಿಕೆಯ ಘನತೆ ಏನೇ ಇರಲಿ, ನಾಳೆ ಇನ್ನೊಬ್ಬರು ಸೀಸೆ ತೆರೆದು ಹುರುಪೆ ಎಣಿಸಿ ‘ಇದು ತಪ್ಪು’ ಎನ್ನಬಹುದು. ಪ್ರಭೇದವೊಂದರ ಹೆಸರಿಗೆ ಇರುವ ಬಲವೆಲ್ಲ ಹೀಗೆ ಅಲ್ಲಗಳೆಯಲು ಕೊಟ್ಟಿರುವ ಈ ಅವಕಾಶದಿಂದಲೇ ಬಂದದ್ದು.

ಹಾಗಾದರೆ ಮೊದಲ ಆಕ್ಷೇಪ: ಹುರುಪೆಯ ಲೆಕ್ಕದಲ್ಲಿ ಒಂದೆರಡು ಹೆಚ್ಚುಕಡಿಮೆ, ಮುಳ್ಳು ತುಸು ಎತ್ತರ, ಬಣ್ಣ ತುಸು ಬೇರೆ, ಇಷ್ಟಕ್ಕೆ ಹೊಸ ಪ್ರಭೇದ ಎನ್ನುವುದಾದರೆ ಊರೂರಿಗೊಂದು ಪ್ರಭೇದ ಆಗಬೇಕಲ್ಲ? ಇದು ಹುರುಳಿಲ್ಲದ ಮಾತಲ್ಲ. ವರ್ಗೀಕರಣ ವಿಜ್ಞಾನಿಗಳಲ್ಲೇ ಒಡೆಯುವವರು, ಕೂಡಿಸುವವರು ಎಂಬ ಎರಡು ಪಂಗಡಗಳ ಜಗಳ ಬಹಳ ಹಳೆಯದು. ಮೀನುಗಳಲ್ಲಿ ಈಗ ಗುರುತಿಸಿರುವ ಪ್ರಭೇದಗಳು 35,000ಕ್ಕೂ ಹೆಚ್ಚು; ವರ್ಷಕ್ಕೆ ನೂರಾರು ಹೊಸ ಹೆಸರುಗಳು ಸೇರುತ್ತಲೇ ಇವೆ, ಅವುಗಳಲ್ಲಿ ಎಲ್ಲವೂ ಉಳಿಯುವುದಿಲ್ಲ. ಆದರೆ ಫೇರಿ ರಾಸ್‌ಗಳ ವಿಷಯದಲ್ಲಿ ಸಣ್ಣ ವ್ಯತ್ಯಾಸಗಳನ್ನು ಹಗುರವಾಗಿ ಕಾಣದಿರಲು ಕಾರಣವಿದೆ. ಈ ಕುಲದ ವಂಶವೃಕ್ಷವನ್ನು ವಂಶವಾಹಿಗಳ ಮೂಲಕ ಕಟ್ಟಿದ, ಟೀ ಮುಂದಾಳಾಗಿದ್ದ ಇನ್ನೊಂದು ಅಧ್ಯಯನದ ಪ್ರಕಾರ ಇದರ ಪ್ರಭೇದಗಳಲ್ಲಿ ಹೆಚ್ಚಿನವು ಕಳೆದ 50 ಲಕ್ಷ ವರ್ಷಗಳೊಳಗೆ ಕವಲೊಡೆದವು. ಭೂಮಿಯ ಇತಿಹಾಸದಲ್ಲಿ ಇದು ಇತ್ತೀಚಿನ ಸಂಗತಿ. ಆ ಅವಧಿಯಲ್ಲಿ ಹಿಮಯುಗಗಳು ಬಂದುಹೋದಂತೆಲ್ಲ ಸಮುದ್ರಮಟ್ಟ ಇಳಿಯಿತು, ಏರಿತು. ಸುಮಾರು 20,000 ವರ್ಷಗಳ ಹಿಂದೆ ಅದು ಇಂದಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು, ಎಂದರೆ ಫಿನಿಫೆನ್ಮಾ ಇಂದು ವಾಸಿಸುವ 40ರಿಂದ 70 ಮೀಟರ್ ಆಳದ ಜಾಗವೆಲ್ಲ ಅಂದು ಒಣನೆಲ. ಹೀಗೆ ಪದೇಪದೇ ಜಾಗ ಕಳೆದುಕೊಂಡು, ತುಂಡುತುಂಡಾಗಿ ಬೇರ್ಪಟ್ಟ ಗುಂಪುಗಳು ತಮ್ಮ ಪಾಡಿಗೆ ಬೇರೆ ದಾರಿ ಹಿಡಿದರೆ, ಮೊದಲು ಬದಲಾಗುವುದು ಗಂಡಿನ ಬಣ್ಣ, ರೆಕ್ಕೆಯ ಆಕಾರ ಇಂಥವೇ, ಬೆನ್ನುಮೂಳೆಯ ಮಣಿಗಳಲ್ಲ. ಆದ್ದರಿಂದ ಇಲ್ಲಿ ಸಣ್ಣ ವ್ಯತ್ಯಾಸವೇ ದೊಡ್ಡ ಸಾಕ್ಷ್ಯ. ಅಷ್ಟಾದರೂ ಒಂದು ದೌರ್ಬಲ್ಯವನ್ನು ಒಪ್ಪಿಕೊಳ್ಳಲೇಬೇಕು: ಹೋಲಿಕೆಯ ಚಾಗೋಸ್ ಬದಿಯಲ್ಲಿರುವುದು ಒಂದೇ ಒಂದು ಮರಿ. ಒಂದರಿಂದ ಇಡೀ ಜನಾಂಗದ ಸ್ವಭಾವ ಹೇಳುವುದು ಕಷ್ಟ. ಲೇಖಕರ ವಾದ ಸದ್ಯದ ಸಾಕ್ಷ್ಯಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ ಎನ್ನಬಹುದು, ಅದಕ್ಕಿಂತ ಹೆಚ್ಚು ಹೇಳುವಂತಿಲ್ಲ.

ಎರಡನೆಯ ಆಕ್ಷೇಪ ಮನಸ್ಸಿಗೆ ತಾಕುವಂಥದ್ದು. ಇಷ್ಟು ಚೆಂದದ ಮೀನನ್ನು ಕೊಂದು ಸೀಸೆಗೆ ಹಾಕಬೇಕೇ, ಈಗಿನ ಕಾಲದಲ್ಲಿ ಒಳ್ಳೆಯ ಫೋಟೋ ಸಾಲದೇ ಎಂದು ಕೇಳುವವರಿದ್ದಾರೆ. ಇದನ್ನು ಬರೀ ಭಾವುಕತೆ ಎಂದು ನಗುವಂತಿಲ್ಲ. ವಿಜ್ಞಾನಿಗಳೇ ಇದನ್ನು ಮಾಡಿ ನೋಡಿದ್ದಾರೆ. 2015ರಲ್ಲಿ ಇದೇ ‘ಜೂಕೀಸ್’ ಪತ್ರಿಕೆಯಲ್ಲಿ ದಕ್ಷಿಣ ಆಫ್ರಿಕಾದ ನೊಣವೊಂದನ್ನು ಫೋಟೋಗಳ ಆಧಾರದ ಮೇಲೆ ಹೊಸ ಪ್ರಭೇದವೆಂದು ವಿವರಿಸಲಾಯಿತು, ಮರುವರ್ಷ ನೂರಾರು ವರ್ಗೀಕರಣ ವಿಜ್ಞಾನಿಗಳು ಸಹಿ ಹಾಕಿ ಅದನ್ನು ವಿರೋಧಿಸಿದರು. ಅವರ ವಿರೋಧ ಏಕೆ ಸರಿ ಎಂಬುದಕ್ಕೆ ನಮ್ಮ ಮೀನಿನ ಕಥೆಯೇ ಸಾಕು. 1983ರಲ್ಲಿ ಚಾಗೋಸ್‌ನ ಮರಿಯ ಫೋಟೋವಷ್ಟೇ ಉಳಿದಿದ್ದರೆ 2022ರಲ್ಲಿ ಅದರ ಮುಳ್ಳಿನ ಎತ್ತರ ಅಳೆಯಲು, ಹುರುಪೆ ಎಣಿಸಲು ಸಾಧ್ಯವಿತ್ತೇ? ಸುಮಾರು ನಲವತ್ತು ವರ್ಷಗಳ ನಂತರ ಬೇರೆಯವರು ಬೇರೆ ಪ್ರಶ್ನೆ ಕೇಳುತ್ತಾರೆಂದು ರಾಂಡಲ್, ಎಮೆರಿ ಇಬ್ಬರಿಗೂ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಮೀನು ಉಳಿದಿತ್ತು, ಆದ್ದರಿಂದ ಪ್ರಶ್ನೆಯೂ ಉಳಿಯಿತು. ಇನ್ನು ಸಾವಿನ ಲೆಕ್ಕ ಹಿಡಿದರೂ, ವಿವರಣೆಗೆ ಬೇಕಾಗುವ ಬೆರಳೆಣಿಕೆಯ ಮೀನುಗಳಿಗೂ ವರ್ಷವಿಡೀ ನಡೆಯುವ ವ್ಯಾಪಾರಕ್ಕೂ ತಾಳೆಯಿಲ್ಲ. ತೀರಾ ವಿರಳವಾದ, ಬೆರಳೆಣಿಕೆಯಷ್ಟೇ ಉಳಿದಿರುವ ಜೀವಿಗಳ ವಿಷಯ ಬೇರೆ. ಅಲ್ಲಿ ಒಂದು ರೆಕ್ಕೆಯ ಚೂರು ತೆಗೆದುಕೊಂಡು ಬಿಟ್ಟುಬಿಡುವುದೇ ಮೇಲು. ಆದರೆ ಫಿನಿಫೆನ್ಮಾ ತನ್ನ ಆಳದಲ್ಲಿ ಸಾಕಷ್ಟು ಸಂಖ್ಯೆಯಲ್ಲಿದೆ ಎಂಬುದು ಸಂಶೋಧಕರ ಅಂದಾಜು.

ಎಲ್ಲಕ್ಕಿಂತ ಗಟ್ಟಿಯಾದದ್ದು ಮೂರನೆಯ ಆಕ್ಷೇಪ. ಹೆಸರು ಬಂದರೆ ರಕ್ಷಣೆ ಬರುತ್ತದೆ ಎನ್ನುತ್ತೀರಿ, ಬರುವುದು ಬೆಲೆ. ಹೊಸ ಪ್ರಭೇದವೆಂಬ ಹಣೆಪಟ್ಟಿಯೇ ಸಂಗ್ರಹಕಾರರ ಬಾಯಲ್ಲಿ ನೀರೂರಿಸುತ್ತದೆ ಎಂಬುದು ಇದರ ಸಾರ. ಇಂಡೋನೇಷ್ಯಾದ ಸುಲವೇಸಿ ಬಳಿಯ ಬಂಗಾಯಿ ದ್ವೀಪಗಳಲ್ಲಿ ಇದು ಕಣ್ಣೆದುರೇ ನಡೆಯಿತು. ಅಲ್ಲಿನ ಕಪ್ಪುಬಿಳಿ ಪಟ್ಟೆಯ ಕಾರ್ಡಿನಲ್ ಮೀನಿಗೆ 1933ರಲ್ಲೇ ಹೆಸರಿಟ್ಟಿದ್ದರೂ ಅದನ್ನು ಎಲ್ಲರೂ ಮರೆತಿದ್ದರು. 1990ರ ದಶಕದ ನಡುವೆ ಮೀನುತಜ್ಞ ಜೆರಾಲ್ಡ್ ಅಲೆನ್ ಅದನ್ನು ಮತ್ತೆ ಕಂಡು ಬರೆದದ್ದೇ ತಡ, ಅಕ್ವೇರಿಯಂ ವ್ಯಾಪಾರ ಮುಗಿಬಿದ್ದಿತು. ವರ್ಷಕ್ಕೆ ಲಕ್ಷಗಟ್ಟಲೆ ಮೀನುಗಳು ಅಲ್ಲಿಂದ ಹೊರಟವು. ಗಂಡು ಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿಮಾಡುವ ಪ್ರಭೇದ ಅದು. ಮರಿಗಳು ತೇಲಿಕೊಂಡು ದೂರ ಹೋಗುವುದಿಲ್ಲ, ಒಂದು ಕಡೆ ಬರಿದಾದರೆ ಬೇರೆ ಕಡೆಯಿಂದ ತುಂಬಿಕೊಳ್ಳುವುದೂ ಇಲ್ಲ. 2007ರ ಹೊತ್ತಿಗೆ ಐಯುಸಿಎನ್ ಕೆಂಪುಪಟ್ಟಿಯಲ್ಲಿ ಅದು ಅಳಿವಿನಂಚಿನ ಜೀವಿ. ಇದಕ್ಕೆ ಸುಲಭದ ಉತ್ತರವಿಲ್ಲ. ಆದರೆ ಈ ಎರಡು ಮೀನುಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಭೇದ ಕಾಣುತ್ತದೆ. ಬಂಗಾಯಿಯಲ್ಲಿ ಬರಹ ಮೊದಲು ಬಂತು, ವ್ಯಾಪಾರ ಆಮೇಲೆ. ಮಾಲ್ದೀವ್ಸ್‌ನಲ್ಲಿ ವ್ಯಾಪಾರ ಆಗಲೇ ನಡೆದಿತ್ತು, ಬರಹ ಹಿಂದಿನಿಂದ ಬಂತು. ವಿಜ್ಞಾನ ಬಾಯಿ ಮುಚ್ಚಿಕೊಂಡಿದ್ದರೆ ಮೀನು ಸುರಕ್ಷಿತ ಎಂಬ ನಂಬಿಕೆಗೆ ಫಿನಿಫೆನ್ಮಾ ಉತ್ತರ ಕೊಡುತ್ತದೆ. ಬಲೆ ಹಿಡಿದವನು ವಿಜ್ಞಾನ ಪತ್ರಿಕೆಗಾಗಿ ಕಾದುಕೂರಲಿಲ್ಲ. ಅಷ್ಟೇ ಅಲ್ಲ, ಬಂಗಾಯಿ ಮೀನು ಅಳಿವಿನಂಚಿಗೆ ಬಂದಿದೆ ಎಂದು ತೋರಿಸಿ ಪಟ್ಟಿಗೆ ಸೇರಿಸಲು ಸಾಧ್ಯವಾದದ್ದು ಕೂಡ ಅದು ಯಾವ ಮೀನು, ಎಲ್ಲೆಲ್ಲಿ ಮಾತ್ರ ಇದೆ ಎಂಬುದು ದಾಖಲಾಗಿದ್ದರಿಂದ.

ಈ ‘ಎಲ್ಲೆಲ್ಲಿ’ ಎಂಬುದರಲ್ಲೇ ಇದೆ ಹೆಸರಿನ ನಿಜವಾದ ಉಪಯೋಗ. ಎರಡೂ ಒಂದೇ ಮೀನು ಎಂದುಕೊಂಡಿದ್ದಾಗ ಅದರ ವ್ಯಾಪ್ತಿ ಮಾಲ್ದೀವ್ಸ್‌ನಿಂದ ಚಾಗೋಸ್‌ವರೆಗೆ. ಒಂದು ಕಡೆ ಕಡಿಮೆಯಾದರೂ ಇನ್ನೊಂದು ಕಡೆ ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಎರಡಾಗಿ ಒಡೆದ ಕ್ಷಣವೇ ಪ್ರತಿಯೊಂದರ ವ್ಯಾಪ್ತಿಯೂ ಕುಗ್ಗಿತು. ಮಾಲ್ದೀವ್ಸ್‌ನಲ್ಲಿ ಹಿಡಿದ ಮೀನಿನ ಲೆಕ್ಕ ಈಗ ಮಾಲ್ದೀವ್ಸ್‌ನ ಖಾತೆಗೇ ಬರೆಯಬೇಕು. ಇನ್ನೂ ದೊಡ್ಡ ವಿಷಯವೊಂದಿದೆ. ಮೇಲ್ಮಟ್ಟದ ಹವಳದ ದಿಬ್ಬಗಳು ಬಿಸಿ ನೀರಿಗೆ ಬಿಳಿಚಿಕೊಂಡು ಸತ್ತರೂ, ಮಂದ ಬೆಳಕಿನ ಆಳದ ದಿಬ್ಬಗಳು ಅವೇ ಮೀನುಗಳಿಗೆ ಆಸರೆಯಾಗುತ್ತವೆ, ಮುಂದೆ ಅಲ್ಲಿಂದ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ ಎಂಬ ಆಶಾವಾದ ಬಹುಕಾಲ ಚಾಲ್ತಿಯಲ್ಲಿತ್ತು. ರೋಚಾ ಮತ್ತು ಸಂಗಡಿಗರು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಲುಗಿಸಿತು: ಆಳದ ದಿಬ್ಬಗಳಲ್ಲಿ ಇರುವ ಮೀನುಗಳು ಬಹುಮಟ್ಟಿಗೆ ಬೇರೆಯೇ, ಮನುಷ್ಯನ ಹಾವಳಿ ಅಲ್ಲಿಗೂ ತಲುಪಿದೆ. ಇಂಥ ಮಾತನ್ನು ಯಾರಾದರೂ ಹೇಳಬೇಕಾದರೆ ಮೇಲಿನ ಮೀನು ಯಾವುದು, ಕೆಳಗಿನದು ಯಾವುದು ಎಂದು ಮೊದಲು ಗೊತ್ತಿರಬೇಕಲ್ಲವೇ? ಒಂದರ ಹೆಸರಿನಲ್ಲಿ ಇನ್ನೊಂದನ್ನು ಬರೆದುಕೊಳ್ಳುತ್ತಾ ಹೋದರೆ ಎರಡು ಲೋಕಗಳೂ ಕಾಗದದ ಮೇಲೆ ಒಂದೇ ಆಗಿ ಕಾಣುತ್ತವೆ, ಆಸರೆ ಇದೆ ಎಂಬ ಭ್ರಮೆಯೂ ಹಾಗೇ ಉಳಿಯುತ್ತದೆ.

ಎಲ್ಲ ರಕ್ಷಣೆಗೂ ಪ್ರಭೇದದ ಹೆಸರೇ ಬೇಕು ಎಂದರೆ ಮಾತ್ರ ಅತಿಯಾಯಿತು. ಕಡಲಕುದುರೆಗಳ ಉದಾಹರಣೆ ನೋಡಿ. ಒಣಗಿಸಿ ಮಾರುವ ಕಡಲಕುದುರೆಗಳ ಪ್ರಭೇದ ಗುರುತಿಸುವುದು ಸುಂಕದ ಅಧಿಕಾರಿಗಳಿಗೆ ಆಗದ ಕೆಲಸ ಎಂದು ಕಂಡುಕೊಂಡು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 2002ರಲ್ಲಿ ಇಡೀ ಕುಲವನ್ನೇ ನಿಯಂತ್ರಣದ ಪಟ್ಟಿಗೆ ಸೇರಿಸಿತು. ಭಾರತ ಅದಕ್ಕೂ ಮೊದಲೇ, 2001ರಲ್ಲಿ, ಅವುಗಳನ್ನು ವನ್ಯಜೀವಿ ಕಾಯ್ದೆಯ ಒಂದನೆಯ ಅನುಸೂಚಿಯಡಿ ತಂದಿತ್ತು. 2003ರಲ್ಲಿ ವಿವರಿಸಲಾದ ಡೆನಿಸೆ ಎಂಬ ಪುಟಾಣಿ ಕಡಲಕುದುರೆ ಹೆಸರು ಪಡೆಯುವ ಮೊದಲೇ ಸೈಟಿಸ್ ಪಟ್ಟಿಯ ನೆರಳಿನಲ್ಲಿತ್ತು. ಕಾನೂನು ಜಾಣತನದಿಂದ ಬರೆದಿದ್ದರೆ ಹೆಸರಿಲ್ಲದವರನ್ನೂ ಕಾಯಬಲ್ಲದು. ಆದರೆ ಸುಮಾರು 60 ಪ್ರಭೇದಗಳ ಫೇರಿ ರಾಸ್ ಕುಲವನ್ನು ಇಡಿಯಾಗಿ ನಿರ್ಬಂಧಿಸಲು ಯಾವ ದೇಶವೂ ಮುಂದಾಗಲಿಕ್ಕಿಲ್ಲ, ಆಗುವ ಅಗತ್ಯವೂ ಕಾಣದು. ಯಾವುದು ಹೇರಳ, ಯಾವುದು ವಿರಳ ಎಂದು ಬಿಡಿಸಿ ನೋಡಬೇಕಾದಲ್ಲಿ ಹೆಸರು ಬಿಟ್ಟು ಬೇರೆ ದಾರಿಯಿಲ್ಲ.

ಹೆಸರಿಡುವವರು ಯಾರು ಎಂಬುದೂ ಈ ವಾದಕ್ಕೆ ಸೇರಿದ್ದೇ. ಮಾಲ್ದೀವ್ಸ್‌ನ ನೂರಾರು ಮೀನುಗಳಿಗೆ ಹಿಂದೆ ಹೆಸರಿಟ್ಟವರೆಲ್ಲ ಹೊರಗಿನವರು. ಆ ದೇಶದ ವಿಜ್ಞಾನಿಯೊಬ್ಬರು ತಮ್ಮ ನೀರಿನ ಮೀನನ್ನು ತಾವೇ ವಿವರಿಸಿದ್ದು ಇದೇ ಮೊದಲು; ನಜೀಬ್ ಅವರು. ಇದನ್ನು ಬರೀ ಅಭಿಮಾನದ ಸಂಗತಿಯೆಂದು ನೋಡಬೇಕಿಲ್ಲ. ವಿವರಣೆಯನ್ನು ಮುಂದೆ ಪ್ರಶ್ನಿಸಬೇಕಾದವರು, ರಫ್ತಿನ ಪೆಟ್ಟಿಗೆಯಲ್ಲಿ ಮೀನನ್ನು ಗುರುತಿಸಬೇಕಾದವರು ಅಲ್ಲೇ ಇರುವವರು. ಎಣಿಕೆಯ ಕಲೆ ಅವರ ಕೈಯಲ್ಲಿಲ್ಲದಿದ್ದರೆ ಹೆಸರು ಪತ್ರಿಕೆಯಲ್ಲೇ ಉಳಿಯುತ್ತದೆ. ಸ್ಥಳೀಯ ಹೆಸರುಗಳನ್ನು ಬಳಸುವುದು ಹಿಂದಿನವರಿಗೂ ಗೊತ್ತಿತ್ತು. 1800-01ರಲ್ಲಿ ಮೈಸೂರು, ಕೆನರಾ ಪ್ರಾಂತ್ಯಗಳನ್ನು ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್ 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥ ತಂದಾಗ ರೋಹು, ಕಾಟ್ಲಾ ಎಂಬ ಅಲ್ಲಿನ ಹೆಸರುಗಳನ್ನೇ ಲ್ಯಾಟಿನ್ ರೂಪಕ್ಕೆ ತಿರುಗಿಸಿಕೊಂಡ. ನಮ್ಮ ಕೆರೆಗಳಿಗೆ ಬಿಡುವ ಆ ಮೀನುಗಳ ವೈಜ್ಞಾನಿಕ ಹೆಸರುಗಳಲ್ಲಿ ಅವು ಇಂದಿಗೂ ಇವೆ. ಆದರೆ ಹೆಸರು ಹೇಳಿಕೊಟ್ಟ ಬೆಸ್ತರು ಆ ಗ್ರಂಥದ ಲೇಖಕರಾಗಿರಲಿಲ್ಲ.

ಮಾಲ್ದೀವ್ಸ್ ನಮಗೆ ತೋರುವಷ್ಟು ಅನ್ಯವೂ ಅಲ್ಲ. ಲಕ್ಷದ್ವೀಪ, ಮಾಲ್ದೀವ್ಸ್, ಚಾಗೋಸ್ ಮೂರೂ ಸಮುದ್ರದಡಿಯ ಒಂದೇ ಏಣಿನ ಮೇಲೆ ಕೂತಿವೆ; ಆ ಏಣನ್ನು ಕಟ್ಟಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಲಾವಾ ಸುರಿಸಿದ ಅದೇ ಭೂಗರ್ಭದ ಬಿಸಿಬಿಂದು. ಬೀದರ್, ವಿಜಯಪುರಗಳ ಎರೆಭೂಮಿಯ ಅಡಿಯ ಕಪ್ಪುಕಲ್ಲಿಗೂ ಫಿನಿಫೆನ್ಮಾ ಈಜುವ ಹವಳದ ದಿಬ್ಬದ ತಳಪಾಯಕ್ಕೂ ಮೂಲ ಒಂದೇ. ಅರಬ್ಬೀ ಸಮುದ್ರದ ಈ ಕಡೆಯಲ್ಲಿ, ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ, ಪ್ರವಾಸಿಗಳು ಡೈವಿಂಗ್‌ಗೆ ಇಳಿಯುತ್ತಾರೆ. ಪ್ರವಾಸಿಗಳ ಸ್ಕೂಬಾ ಸಾಮಾನ್ಯವಾಗಿ ಮುಟ್ಟುವುದು ಮೊದಲ 30, 40 ಮೀಟರುಗಳನ್ನು. ಅದರ ಕೆಳಗೆ ಉಸಿರಾಟದ ಗಾಳಿಯನ್ನೇ ಶುದ್ಧಮಾಡಿ ಮತ್ತೆ ಬಳಸುವ ರೀಬ್ರೀದರ್, ಹೀಲಿಯಂ ಬೆರೆತ ಗಾಳಿ, ಮೇಲೆ ಬರುವಾಗ ಹಂತಹಂತವಾಗಿ ಗಂಟೆಗಟ್ಟಲೆ ತಂಗುವ ತಾಳ್ಮೆ ಎಲ್ಲವೂ ಬೇಕು. ಫಿನಿಫೆನ್ಮಾದಂಥ ಮೀನುಗಳು ಸಂಶೋಧಕರ ಕೈಗೆ ವಿರಳವಾಗಿ ಸಿಗುವುದಕ್ಕೆ ಇದೂ ಕಾರಣ.

ಮಾಲ್ದೀವ್ಸ್‌ನ ಆಳದ ದಿಬ್ಬಗಳನ್ನು ಶೋಧಿಸಿದ ಸಂಶೋಧಕರಿಗೆ ಹೊಸದೆಂದು ತೋರಿದ, ಆಗಿನ್ನೂ ವಿವರಣೆ ಬರೆಯದ ಕನಿಷ್ಠ ಎಂಟು ಪ್ರಭೇದಗಳು ಸಿಕ್ಕಿದ್ದವು. ಅವೂ ಒಂದೊಂದಾಗಿ ಇದೇ ಎಣಿಕೆ, ಹೋಲಿಕೆ, ಜಗಳಗಳನ್ನು ಹಾದು ಬರಬೇಕು. ಫಿನಿಫೆನ್ಮಾದ ಮೊಕದ್ದಮೆಯೂ ಮುಗಿದಿಲ್ಲ. ಅದರ ಪರೀಕ್ಷೆ ಆಗಬೇಕಾದದ್ದು ಚಾಗೋಸ್‌ನಲ್ಲಿ. ಬ್ರಿಟನ್ 2010ರಲ್ಲಿ ಆ ದ್ವೀಪಗಳ ಸುತ್ತಲಿನ ಕಡಲನ್ನು ರಕ್ಷಿತ ವಲಯವೆಂದು ಘೋಷಿಸಿತು, ಡಿಯೇಗೋ ಗಾರ್ಸಿಯಾದಲ್ಲಿ ಸೇನಾನೆಲೆಯಿದೆ, ಹೋಗಿಬರುವುದು ಸುಲಭದ ಮಾತಲ್ಲ. ಅಲ್ಲಿನ ಆಳದಿಂದ ಬೆಳೆದ ಗಂಡು ಮೀನುಗಳನ್ನು ತಂದು ಎಣಿಸಿದಾಗ ಮುಳ್ಳು, ಹುರುಪೆ, ಬಣ್ಣ ಎಲ್ಲವೂ ಮಾಲ್ದೀವ್ಸ್ ಮೀನಿಗೆ ಸರಿಹೊಂದಿದರೆ, ಮೊದಲು ಇಟ್ಟ ಹೆಸರಿಗೇ ಆದ್ಯತೆ ಎಂಬ ನಿಯಮದಂತೆ ಫಿನಿಫೆನ್ಮಾ ಎಂಬ ಹೆಸರು ರುಬ್ರಿಸ್ಕ್ವಾಮಿಸ್‌ನೊಳಗೆ ಸೇರಿಹೋಗುತ್ತದೆ. ಸರಿಹೊಂದದಿದ್ದರೆ 2022ರ ವಾದ ನಿಲ್ಲುತ್ತದೆ, 1983ರ ಒಂಟಿ ಮರಿಗೂ ಬೆಳೆದ ಜೋಡಿ ಸಿಕ್ಕಂತಾಗುತ್ತದೆ.